ಬಾಯ್ಲರ್ ತೆಗೆಸುವ ಮೊದಲು ನೀರಿನ ಬಿಸಿ ಇಳಿಸಿ ನೋಡಿದೆ

ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ತೆಗೆಸಿ ಹೀಟ್ ಪಂಪ್ (ಹೊರಗಿನ ಶಾಖವನ್ನು ಕರೆಂಟಿನಿಂದ ಮನೆಯೊಳಗೆ ಎಳೆಯುವ ಯಂತ್ರ) ಅಥವಾ ಬೇರೇನಾದರೂ ಹಾಕಿಸಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟೇ: ಕ್ಯಾಟಲಾಗ್ ಆಮೇಲೆ ನೋಡಿ, ಈಗಿರುವ ಬಾಯ್ಲರಿನ ನೀರಿನ ಬಿಸಿಯನ್ನು ಮೊದಲು ಇಳಿಸಿ ನೋಡಿ. ಹೀಟ್ ಪಂಪಿಗೆ ಕಡಿಮೆ ಬಿಸಿಯ ನೀರೇ ಹಿತ, ಅಷ್ಟರಲ್ಲೇ ಮನೆ ಬೆಚ್ಚಗಾಗುತ್ತದೆಯೇ ಎಂದು ಗೊತ್ತಾಗುತ್ತದೆ. ನಮ್ಮ ಬಾಯ್ಲರ್ ಕೋಣೆಗಳನ್ನು ಬಿಸಿ ಮಾಡುವ ರೇಡಿಯೇಟರ್‌ಗಳಿಗೆ 70 ಡಿಗ್ರಿ ನೀರು ಕಳಿಸುತ್ತಿತ್ತು. ಚಳಿ ಜೋರಾಗಿದ್ದಾಗಲೇ ಅದನ್ನು 50ಕ್ಕೆ ಇಳಿಸಿ, ಹಗಲು ರಾತ್ರಿ ಬಿಡದೆ ಓಡಿಸಿದೆ. ನಡುಮನೆ, ಅಡುಗೆಮನೆ ಬೆಚ್ಚಗಿದ್ದವು. ಬಿಸಿಲೇ ಬೀಳದ ಎರಡು ಮಲಗುವ ಕೋಣೆಗಳು ಮಾತ್ರ 17 ದಾಟಲಿಲ್ಲ. ಸಮಸ್ಯೆ ಇಡೀ ಮನೆಯದ್ದಲ್ಲ, ಎರಡು ಕೋಣೆಯದ್ದು ಎಂದು ಗೊತ್ತಾದದ್ದೇ ದೊಡ್ಡ ಲಾಭ.

ಇದ್ದ ದಾರಿಗಳಲ್ಲಿ ಮರದ ಪೆಲೆಟ್ (ಮರದ ಹೊಟ್ಟು ಒತ್ತಿ ಮಾಡಿದ ಗುಳಿಗೆ) ಸುಡುವ ಬಾಯ್ಲರಿಗೆ ಹಳೆಯ ರೇಡಿಯೇಟರ್‌ಗಳೇ ಸಾಕು, ಅದು ಸುಡು ನೀರನ್ನೇ ಕೊಡುತ್ತದೆ. ಆದರೆ ಒಂದು ಕಿಲೋ ಪೆಲೆಟ್‌ನಲ್ಲಿರುವುದು ಸುಮಾರು 4.8 ಯೂನಿಟ್ ಶಾಖ. ಚಳಿಗಾಲಕ್ಕೆ ಟನ್‌ಗಟ್ಟಲೆ ಬೇಕು, ಅದನ್ನು ಒಣಗಿದ ಜಾಗದಲ್ಲಿ ಇಡಬೇಕು, ಬೂದಿ ತೆಗೆಯಬೇಕು. ನಮ್ಮಲ್ಲಿ ಅಷ್ಟು ಜಾಗವಿಲ್ಲ. ಇದ್ದಿದ್ದರೂ ನನಗೆ ಆ ತಾಳ್ಮೆ ಇಲ್ಲ. ಸೋಲಾರ್ ವಾಟರ್ ಹೀಟರ್ ಸ್ನಾನದ ನೀರಿಗೆ ಚೆನ್ನ. ಮನೆ ಬಿಸಿ ಮಾಡಲು ಅದನ್ನೇ ನಂಬಿದರೆ, ಶಾಖ ಬೇಕಾದ ತಿಂಗಳಲ್ಲೇ ಬಿಸಿಲು ಇರುವುದಿಲ್ಲ. ನೆಲದಡಿಯಿಂದ ಶಾಖ ಎಳೆಯುವ ಹೀಟ್ ಪಂಪ್ ನಿಜಕ್ಕೂ ಒಳ್ಳೆಯದು. ಕೆಲವು ಮೀಟರ್ ಕೆಳಗೆ ಹೋದರೆ ಮಣ್ಣಿನ ಉಷ್ಣಾಂಶ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಆದರೆ ಬೋರ್ ಕೊರೆಯುವ ಯಂತ್ರ ನಮ್ಮ ಹಿತ್ತಲಿಗೆ ಬರುವಂತೆಯೇ ಇರಲಿಲ್ಲ. ಹಾಗಾಗಿ ಹೊರಗಿನ ಗಾಳಿಯಿಂದ ಶಾಖ ತೆಗೆಯುವ ಹೀಟ್ ಪಂಪನ್ನೇ ಹಾಕಿಸಿದೆ.

ಕೊರೆಯುವ ಚಳಿಯ ಗಾಳಿಯಲ್ಲಿ ಶಾಖ ಎಲ್ಲಿಂದ ಬರಬೇಕು ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ಪಂಪಿನೊಳಗೆ ಸುತ್ತುವ ಅನಿಲ ಪ್ರೊಪೇನ್ ಆದರೆ ಅದು ಕುದಿಯುವುದೇ ಮೈನಸ್ 42 ಡಿಗ್ರಿಯಲ್ಲಿ. ಅದಕ್ಕೆ ಸೊನ್ನೆ ಡಿಗ್ರಿಯ ಗಾಳಿಯೂ ಬಿಸಿಯೇ. ಆವಿಯಾದ ಪ್ರೊಪೇನನ್ನು ಕಂಪ್ರೆಸರ್ ಒತ್ತಿದಾಗ ಬಿಸಿ ಏರುತ್ತದೆ, ಆ ಶಾಖ ನೀರಿಗೆ ಸೇರುತ್ತದೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗುವುದು ಹೀಗೆ. ಆದರೆ ನೀರನ್ನು ಹೆಚ್ಚು ಕಾಯಿಸಲು ಹೇಳಿದಷ್ಟೂ ಈ ಲಾಭ ಕರಗುತ್ತದೆ.

ಆದ್ದರಿಂದಲೇ ರೇಡಿಯೇಟರ್ ಲೆಕ್ಕ ಮುಖ್ಯ. 20 ಡಿಗ್ರಿಯ ಕೋಣೆಯಲ್ಲಿ ನೀರಿನ ಸರಾಸರಿ ಬಿಸಿ 70ರಿಂದ 50ಕ್ಕೆ ಇಳಿದರೆ, ಅದೇ ರೇಡಿಯೇಟರ್ ಕೊಡುವ ಶಾಖ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆ ಎರಡು ಮಲಗುವ ಕೋಣೆಗಳಿಗೆ ದೊಡ್ಡ ಡಬಲ್ ಪ್ಯಾನೆಲ್ ರೇಡಿಯೇಟರ್ ಹಾಕಿಸಿ, ಅಟ್ಟಕ್ಕೆ ದಪ್ಪ ಇನ್ಸುಲೇಷನ್ ಹೊದಿಸಿದೆವು. ಉಳಿದ ಕೋಣೆಗಳಲ್ಲಿ ಹಳೆಯವೇ ಇವೆ.

ಪಂಪಿನ ಗಾತ್ರದ ವಿಷಯದಲ್ಲಿ ಮಾತ್ರ ಹಟ ಹಿಡಿದೆ. ಬೆಲೆ ಹೇಳಲು ಬಂದವರೊಬ್ಬರು ಹಳೆಯ ಬಾಯ್ಲರಿನ ಚೀಟಿ ಓದಿ ಅಷ್ಟೇ ದೊಡ್ಡದು ಬರೆದುಕೊಂಡರು. ಗೋಡೆ, ಕಿಟಕಿ ಅಳೆದು ಕೋಣೆಕೋಣೆಗೂ ಶಾಖನಷ್ಟ ಲೆಕ್ಕ ಹಾಕಿದ ಇನ್ನೊಬ್ಬರಿಗೆ ಕೆಲಸ ಕೊಟ್ಟೆ. ಅಗತ್ಯಕ್ಕಿಂತ ದೊಡ್ಡ ಪಂಪ್ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಕರೆಂಟೂ ದಂಡ, ಕಂಪ್ರೆಸರೂ ಸವೆಯುತ್ತದೆ.

ಈಗ ಹೊರಗಿನ ಚಳಿ ನೋಡಿಕೊಂಡು ನೀರಿನ ಬಿಸಿ ತಾನೇ ಏರಿಳಿಯುತ್ತದೆ: ಸಾಧಾರಣ ದಿನ 35ರ ಆಸುಪಾಸು, ಅತಿ ಚಳಿಗೆ 48. ಬಂದ ನೆಂಟರು ರೇಡಿಯೇಟರ್ ಮುಟ್ಟಿ 'ಆನ್ ಮಾಡಿಲ್ವಾ?' ಅಂತಾರೆ, ಸ್ವೆಟರ್ ಮಾತ್ರ ಬಿಚ್ಚಿಟ್ಟಿರುತ್ತಾರೆ. ಒದ್ದೆ ಚಳಿಯಲ್ಲಿ ಹೊರಗಿನ ಯೂನಿಟ್ಟಿಗೆ ಹಿಮ ಕಟ್ಟಿದಾಗ ಪಂಪ್ ಕೆಲವು ನಿಮಿಷ ತಿರುಗುಮುರುಗಾಗಿ ಓಡಿ ಅದನ್ನು ಕರಗಿಸುತ್ತದೆ. ಆಗ ಏಳುವ ಆವಿ ಹೊಗೆಯಲ್ಲ, ಗಾಬರಿ ಬೇಡ. ಆದರೆ ಕರಗಿದ ನೀರು ಹರಿದುಹೋಗಲು ದಾರಿ ಮಾಡಿಸಿ. ನಡೆಯುವ ಜಾಗದಲ್ಲಿ ಹೆಪ್ಪುಗಟ್ಟಿದರೆ ಕಾಲು ಜಾರುತ್ತದೆ.