ಬೇಲಿಯಾಚೆಯಿಂದ ಕೇಳಿದ ‘ಮೂವತ್ತೆಂಟು’

ಈ ವರ್ಷ ಎಸ್‌ಎಸ್‌ಎಲ್‌ಸಿ ಮುಗಿಸಿ ಚಿಕ್ಕಮಗಳೂರಿನ ನನ್ನ ಪ್ರೌಢಶಾಲೆಯಿಂದ ಹೊರಡುತ್ತಿದ್ದೇನೆ. ಎಂಟನೆಯ ತರಗತಿಯಿಂದ ಮೂರು ವರ್ಷ 800 ಮೀಟರ್ ಓಡಿದೆ. ಪ್ರಮಾಣಪತ್ರಗಳಲ್ಲಿ ಇರುವುದು ನನ್ನೊಬ್ಬಳ ಹೆಸರು. ಆದರೆ 2 ನಿಮಿಷ 52 ಸೆಕೆಂಡಿನಿಂದ 2 ನಿಮಿಷ 33 ಸೆಕೆಂಡಿಗೆ ಇಳಿದ ಆ 19 ಸೆಕೆಂಡುಗಳನ್ನು ಬಿಡಿಸಿ ನೋಡಿದರೆ, ಅದರಲ್ಲಿ ನಾನಾಗಿ ಗಳಿಸಿದ್ದು ಎಷ್ಟು ಎಂದು ಹೇಳುವುದು ಕಷ್ಟ. ಯಾರು ಏನು ಮಾಡಿದರು ಎಂಬುದನ್ನು ಮರೆಯುವ ಮುನ್ನ ಬರೆದಿಡುತ್ತಿದ್ದೇನೆ.

ಎಂಟನೆಯ ತರಗತಿಯಲ್ಲಿ ಹೋಬಳಿ ಮಟ್ಟದ ಕೂಟದಲ್ಲಿ ಓಡಿದಾಗ ಮೊದಲ ಸುತ್ತನ್ನು 70 ಸೆಕೆಂಡಿನಲ್ಲಿ ಮುಗಿಸಿದ್ದೆ, ಎರಡನೆಯದಕ್ಕೆ 102 ಸೆಕೆಂಡು ಹಿಡಿಯಿತು. ಕೊನೆಯ ತಿರುವಿನಲ್ಲಿ ತೊಡೆಗಳು ಬಿಗಿದು, ನಡೆದಂತೆಯೇ ಗೆರೆ ದಾಟಿದೆ. ದೈಹಿಕ ಶಿಕ್ಷಣದ ಸರ್ ಬಯ್ಯಲಿಲ್ಲ. ಮರುವಾರ ಜಿಲ್ಲಾ ಕ್ರೀಡಾಂಗಣಕ್ಕೆ ಕರೆದೊಯ್ದು, ಪ್ರತಿ 100 ಮೀಟರಿಗೆ ಒಬ್ಬಳಂತೆ ನಮ್ಮ ರಿಲೇ ತಂಡದ ಮೂವರನ್ನೂ ಒಬ್ಬ ಕಿರಿಯಳನ್ನೂ ನಿಲ್ಲಿಸಿದರು. ಅವರು 19 ಸೆಕೆಂಡಿಗೊಮ್ಮೆ ಸೀಟಿ ಊದುತ್ತಿದ್ದರು. ಸೀಟಿ ಕೇಳುವಾಗ ನಾನು ಗುರುತಿನ ಬಳಿ ಇರಬೇಕು. ಇಲ್ಲದಿದ್ದರೆ ಅಲ್ಲಿ ನಿಂತವಳು ‘ನಾಲ್ಕು ಹೆಜ್ಜೆ ಮುಂದೆ’, ‘ಎರಡು ಹೆಜ್ಜೆ ಹಿಂದೆ’ ಎಂದು ಹೇಳಬೇಕು. ಮೊದಮೊದಲು ನನಗೆ ಕೇಳಿಸುತ್ತಿದ್ದುದು ಬರೀ ‘ಮುಂದೆ’. ವೇಗವಾಗಿ ಓಡುವುದನ್ನು ಕಲಿಯಲು ಹೋದವಳು ಮೊದಲ ಸುತ್ತಿನಲ್ಲಿ ತಡೆದುಕೊಳ್ಳುವುದನ್ನು ಕಲಿಯಲು ಹೆಚ್ಚುಕಡಿಮೆ ಒಂದು ವರ್ಷ ತೆಗೆದುಕೊಂಡೆ. ಆ ವರ್ಷವೆಲ್ಲ ಶನಿವಾರದ ಚಳಿಯಲ್ಲಿ, ತಮ್ಮ ಅಭ್ಯಾಸ ಮುಗಿದ ಮೇಲೂ ಮನೆಗೆ ಹೋಗದೆ, ಬೆವರು ಆರಿ ನಡುಗುತ್ತಾ ಆ ನಾಲ್ವರೂ ಗುರುತುಗಳ ಬಳಿ ನಿಲ್ಲುತ್ತಿದ್ದರು. ಅವರು ಅಲ್ಲಿ ನಿಲ್ಲುವುದರಿಂದ ಅವರಿಗೆ ಸಿಗುವುದೇನೂ ಇರಲಿಲ್ಲ ಎಂಬುದು ನನಗೆ ಅರ್ಥವಾಗಿದ್ದು ತೀರಾ ತಡವಾಗಿ.

ಒಂಬತ್ತನೆಯ ತರಗತಿಯಲ್ಲಿ ಕಾಲುಗಳು ಇದ್ದಕ್ಕಿದ್ದಂತೆ ಭಾರವಾದವು. ಓದಿನ ಒತ್ತಡ ಇರಬಹುದು ಎಂದು ಕೆಲವರು, ಸೋಮಾರಿತನ ಎಂದು ಕೆಲವರು ಹೇಳಿದರು. ನಾನೂ ಸೋಮಾರಿತನವೆಂದೇ ನಂಬಿದ್ದೆ. ಭಾನುವಾರಗಳಂದು ನಾವು ಕೈಮರದ ಕಡೆಗಿನ ರಸ್ತೆಯಲ್ಲಿ ನಿಧಾನದ ಓಟ ಓಡುತ್ತಿದ್ದೆವು. ಮುಳ್ಳಯ್ಯನಗಿರಿಗೆ ಹೋಗುವ ಪ್ರವಾಸಿಗರ ವಾಹನಗಳು ತುಂಬಿಕೊಳ್ಳುವ ಮೊದಲೇ ಹಿಂತಿರುಗಬೇಕಾದ್ದರಿಂದ ಬೆಳಕು ಹರಿಯುವ ಮುನ್ನವೇ ಹೊರಡುತ್ತಿದ್ದೆವು, ಅಪ್ಪ ಬೈಕಿನ ದೀಪ ಹಾಕಿಕೊಂಡು ಹಿಂದೆ ಬರುತ್ತಿದ್ದರು. ಮಾತನಾಡುತ್ತಾ ಓಡಲು ಆಗುವಷ್ಟು ನಿಧಾನವಾಗಿರಬೇಕು ಎಂಬುದು ಆ ಓಟಕ್ಕೆ ಸರ್ ಹಾಕಿದ್ದ ನಿಯಮ. ರಿಲೇಯಲ್ಲಿ ನನಗೆ ಬ್ಯಾಟನ್ ಕೊಡುವ ಗೆಳತಿ ಗಮನಿಸಿದ್ದು ಅದನ್ನೇ: ‘ಇವಳು ಮೂರು ವಾರದಿಂದ ದಾರಿಯಲ್ಲಿ ಮಾತೇ ಆಡುತ್ತಿಲ್ಲ ಸರ್, ಬರೀ ಏದುಸಿರು ಬಿಡುತ್ತಾಳೆ’ ಎಂದು ನನಗೆ ತಿಳಿಸದೆ ಹೋಗಿ ಹೇಳಿದಳು. ಸರ್ ಅಮ್ಮನನ್ನು ಕರೆಸಿ ರಕ್ತ ಪರೀಕ್ಷೆ ಮಾಡಿಸಲು ಹೇಳಿದರು. ಹಿಮೋಗ್ಲೋಬಿನ್ 9.6 ಇತ್ತು, ನನ್ನ ವಯಸ್ಸಿನ ಹುಡುಗಿಯರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದು ಲೆಕ್ಕ. ಸ್ನಾಯುಗಳಿಗೆ ಆಮ್ಲಜನಕ ಹೊರುವುದೇ ಹಿಮೋಗ್ಲೋಬಿನ್ ಆದ್ದರಿಂದ, ಎಷ್ಟು ಹಟ ಮಾಡಿದರೂ ಕಾಲು ಏಳದೆ ಇದ್ದದ್ದು ಮನಸ್ಸಿನ ದೋಷವಲ್ಲ ಎಂದು ಅಂದು ತಿಳಿಯಿತು. ಓಡುವ ಹುಡುಗಿಯರ ತಂದೆ ತಾಯಿಯರಿಗೆ ನಾನು ಹೇಳಲೇಬೇಕಾದ ಮಾತೊಂದಿದ್ದರೆ ಅದು ಇದು: ಮಗಳು ಕಾರಣವಿಲ್ಲದೆ ನಿಧಾನವಾದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ.

ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, ಊಟದ ಬೆನ್ನಿಗೇ ಕಾಫಿ, ಟೀ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ ಎಂದರು. ಅಪ್ಪ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವರು. ಉಂಡು ಕೈ ತೊಳೆದು ಕಾಫಿ ಲೋಟ ಹಿಡಿಯುವುದು ನಮ್ಮ ಮನೆಯಲ್ಲಿ ಅಜ್ಜನ ಕಾಲದ ರೂಢಿ. ನನ್ನೊಬ್ಬಳಿಗೆ ನಿಲ್ಲಿಸಿದರೆ ವಾಸನೆಗೆ ಆಸೆಯಾದೀತೆಂದು ಅಮ್ಮ ಇಡೀ ಮನೆಗೇ ಊಟವಾಗಿ ಒಂದು ಗಂಟೆಯವರೆಗೆ ಕಾಫಿ ನಿಲ್ಲಿಸಿದರು. ಹುರುಳಿಕಾಳು, ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿ ಬಡಿಸತೊಡಗಿದರು. ಸುಮಾರು ಮೂರು ತಿಂಗಳು ಕಳೆದ ಮೇಲೆ ಕೈಮರದ ರಸ್ತೆಯಲ್ಲಿ ನಾನು ಮತ್ತೆ ಮಾತನಾಡಿದೆ.

ಅಮ್ಮನ ಇನ್ನೊಂದು ಕೆಲಸವನ್ನು ಯಾರೂ ಕಂಡಿಲ್ಲ. ನಮ್ಮ ಕ್ರೀಡಾಕೂಟಗಳು ನಡೆಯುವುದು ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳ ಮಳೆಯಲ್ಲಿ. ಇದ್ದದ್ದು ಒಂದೇ ಜೊತೆ ಶೂ. ಪ್ರತಿ ಸಂಜೆ ಅವುಗಳ ಕೆಸರು ತೊಳೆದು, ಒಳಗೆ ಹಳೆಯ ದಿನಪತ್ರಿಕೆಯನ್ನು ಮುದ್ದೆ ಮಾಡಿ ತುರುಕಿ, ಬಚ್ಚಲ ಒಲೆಯ ಪಕ್ಕದಲ್ಲಿ ಇಡುತ್ತಿದ್ದರು. ತೀರಾ ಹತ್ತಿರವಿಟ್ಟರೆ ಅಂಟು ಕರಗಿ ಅಡಿ ಬಿಟ್ಟುಕೊಳ್ಳುತ್ತದೆ, ದೂರವಿಟ್ಟರೆ ಬೆಳಗಿನೊಳಗೆ ಒಣಗುವುದಿಲ್ಲ. ಹಾಗಾಗಿ ಒಂದು ಮೊಳ ಅಳೆದು ಇಟ್ಟು, ಮಲಗುವ ಮುಂಚೆ ಒದ್ದೆಯಾದ ಕಾಗದ ತೆಗೆದು ಬೇರೆ ತುಂಬುತ್ತಿದ್ದರು. ಮೂರು ಮಳೆಗಾಲದಲ್ಲಿ ಒಂದು ದಿನವೂ ನಾನು ಒದ್ದೆ ಶೂ ಹಾಕಿ ಹೊರಟಿಲ್ಲ.

ಹತ್ತನೆಯ ತರಗತಿಯ ಜಿಲ್ಲಾ ಕೂಟದಲ್ಲಿ 800 ಮೀಟರ್ ಓಟವಾದ ಕೆಲವೇ ಹೊತ್ತಿಗೆ ನಮ್ಮ 4x400 ರಿಲೇ ಇತ್ತು. ಟ್ರ್ಯಾಕಿನೊಳಗೆ ಬಂದು ಜೊತೆಗೆ ಓಡಿ ವೇಗ ಹೇಳುವಂತಿಲ್ಲ, ಬೇಲಿಯ ಹೊರಗಿನಿಂದ ಕೂಗಬಹುದು. ಸರ್ ಅವರ ಸ್ಟಾಪ್‌ವಾಚ್ ಹಿಡಿದು 200 ಮೀಟರ್ ಗುರುತಿನ ಆಚೆ ನಿಂತಿದ್ದ ಅದೇ ಗೆಳತಿ ‘ಮೂವತ್ತೆಂಟು’ ಎಂದು ಕೂಗಿದಾಗ, ನನ್ನ ಮುಂದೆ ಐವರು ಇದ್ದರೂ ನಾನು ಗಾಬರಿಯಾಗಲಿಲ್ಲ. ಮೊದಲ ಸುತ್ತು 75, ಎರಡನೆಯದು 78. ಎರಡನೆಯವಳಾಗಿ ಬಂದು ವಿಭಾಗ ಮಟ್ಟಕ್ಕೆ ಆಯ್ಕೆಯಾದೆ.

ರಿಲೇಯ ನಾಲ್ವರಲ್ಲಿ ಎರಡನೆಯದಾಗಿ ಓಡುವವಳು ನಾನು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡಕ್ಕೆ ನಮ್ಮ ಎಂ.ಆರ್. ಪೂವಮ್ಮ ಅದೇ ಸರದಿಯಲ್ಲಿ ಓಡಿದ್ದನ್ನು ಸರ್ ಎಷ್ಟೋ ಸಲ ತೋರಿಸಿದ್ದರು. ಅಂದು ನಾನು ಆತುರದಿಂದ ಮೊದಲೇ ಹೊರಟುಬಿಟ್ಟೆ. ದಣಿದು ಬರುತ್ತಿದ್ದ ಗೆಳತಿ ಕೈ ಚಾಚಿದಳು, ನಾನು ಸರಿಯಾಗಿ ಹಿಡಿಯಲಿಲ್ಲ, ಬ್ಯಾಟನ್ ನೆಲಕ್ಕೆ ಬಿತ್ತು. ಅವಳೇ ಬಗ್ಗಿ ಎತ್ತಿ ಮತ್ತೆ ನನ್ನ ಕೈಗಿಟ್ಟಳು. ನಾವು ಕೊನೆಯವರಾದೆವು, ಅವರು ಮೂವರೂ ವಿಭಾಗ ಮಟ್ಟ ನೋಡದೆಯೇ ಶಾಲೆ ಮುಗಿಸುವಂತಾಯಿತು. ಬಸ್ಸಿನಲ್ಲಿ ನಾನು ಅಳುತ್ತಿದ್ದಾಗ ಅವಳು ಹೇಳಿದ್ದು ಇಷ್ಟೇ: ‘ನೀನು ಎಂಟುನೂರು ಓಡಿ ಒಂದು ಗಂಟೆಯೂ ಆಗಿರಲಿಲ್ಲ ಕಣೇ.’ ಮರು ಶನಿವಾರ, ವಿಭಾಗ ಮಟ್ಟಕ್ಕೆ ನಾನೊಬ್ಬಳೇ ತಯಾರಾಗಬೇಕಿದ್ದಾಗ, ಮೂವರೂ ಎಂದಿನಂತೆ ತಮ್ಮ ತಮ್ಮ ಗುರುತುಗಳ ಬಳಿ ನಿಂತಿದ್ದರು. ವಿಭಾಗ ಮಟ್ಟದಲ್ಲಿ ನನಗೆ ಐದನೆಯ ಸ್ಥಾನ ಬಂತು. ಆ ಸ್ಥಾನಕ್ಕಿಂತ ಆ ಶನಿವಾರವನ್ನು ನಾನು ಹೆಚ್ಚು ನೆನೆಯುತ್ತೇನೆ.

ಕೊನೆಯ ಪರೀಕ್ಷೆ ಬರೆದು ಬಂದ ದಿನ ಎಲ್ಲರೂ ಒಟ್ಟಿಗೆ ಕುಳಿತು ಉಂಡೆವು. ನನ್ನ ಹಿಮೋಗ್ಲೋಬಿನ್ ಸರಿಯಾಗಿ ಬಹಳ ದಿನಗಳಾಗಿವೆ, ಮುಂದಿನ ಕೂಟವೂ ಸದ್ಯಕ್ಕಿಲ್ಲ. ಅಪ್ಪ ಕೈ ತೊಳೆದು ಬಂದು ಕಾಫಿ ಕೇಳಿದರು. ಅಮ್ಮ ಗಡಿಯಾರ ನೋಡಿ, ‘ಇನ್ನೂ ಗಂಟೆಯಾಗಿಲ್ಲ’ ಎಂದರು. ಅಪ್ಪ ಏನೂ ಹೇಳದೆ ಜಗುಲಿಗೆ ಹೋಗಿ ಕುಳಿತರು.