ಬಾಯಿ ಕ್ಯಾನ್ಸರ್: ಆಪರೇಷನ್ ಆದ ಮೇಲೆ ಕರೆಂಟು, ಕೀಮೋ ನಿಭಾಯಿಸೋದು ಹೇಗೆ

"ಗಡ್ಡೆ ತೆಗೆದಾಯ್ತಲ್ಲ, ಇನ್ಯಾಕೆ ಕರೆಂಟು?" ಅಂತ ನಮ್ಮ ಮಾವ ಆಪರೇಷನ್ ಆದ ಹತ್ತನೇ ದಿನಕ್ಕೇ ಊರಿಗೆ ಹೊರಡಲು ಚೀಲ ಕಟ್ಟಿಕೊಂಡು ಕೂತಿದ್ದರು. ಕಾಯಿಲೆ ಮುಂದುವರಿದಿದ್ದರೆ ಆಪರೇಷನ್ ಒಂದೇ ಸಾಲದು. ಕಣ್ಣಿಗೆ ಕಾಣದಷ್ಟು ಉಳಿದಿದ್ದರೂ ಮತ್ತೆ ಬೆಳೆಯುತ್ತದೆ. ಅದಕ್ಕೇ ರೇಡಿಯೇಷನ್ (ಕರೆಂಟು ಅನ್ನೋದು ಇದನ್ನೇ), ಕೆಲವರಿಗೆ ಜೊತೆಗೆ ಕೀಮೋ, ಅಂದರೆ ಕ್ಯಾನ್ಸರ್ ಔಷಧಿ.

ಕೀಮೋ ಬೇಕಾ ಅನ್ನೋದು ಆಪರೇಷನ್ ನಂತರದ ಬಯಾಪ್ಸಿ ರಿಪೋರ್ಟ್ ನೋಡಿ ತೀರ್ಮಾನವಾಗುತ್ತದೆ. ಡಾಕ್ಟರನ್ನು ಎರಡೇ ಪ್ರಶ್ನೆ ಕೇಳಿ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯಾ? ಕತ್ತಿನ ಗಂಟಿನ (ಲಿಂಫ್ ನೋಡ್) ಪೊರೆ ದಾಟಿ ಹೊರಗೆ ಬಂದಿದೆಯಾ? ಒಂದಕ್ಕೆ ಹೌದು ಅಂದರೂ ಸಾಮಾನ್ಯವಾಗಿ ಸಿಸ್‌ಪ್ಲಾಟಿನ್ ಅನ್ನೋ ಕೀಮೋ ಔಷಧಿ ಸೇರಿಸುತ್ತಾರೆ. ಅದು ಇದ್ದರೆ ಕ್ಯಾನ್ಸರ್ ಮೇಲೆ ಕರೆಂಟಿನ ಏಟು ಇನ್ನೂ ಜೋರಾಗಿ ಬೀಳುತ್ತದೆ. ಕಿಡ್ನಿ, ಕಿವಿ ಎರಡಕ್ಕೂ ಅದು ಕಷ್ಟವೇ, ಹಾಗಾಗಿ ಕಿಡ್ನಿ ನೋಡೋ ಕ್ರಿಯಾಟಿನಿನ್ ರಕ್ತ ಟೆಸ್ಟ್ ತಪ್ಪಿಸಬೇಡಿ, ಕಿವಿ ಗುಂಯ್ ಅಂದರೆ ಅವತ್ತೇ ಹೇಳಿ.

ಹಲ್ಲಿನ ವಿಷಯದಲ್ಲಿ ನಾವು ಎಡವಿದೆವು. ಹುಳುಕು ಹಲ್ಲು ಕರೆಂಟಿಗೆ ಮುಂಚೆಯೇ ಕೀಳಿಸಿ, ಗಾಯ ಮಾಯಲು ಎರಡು ವಾರ ಬಿಡಬೇಕಂತೆ, ಕರೆಂಟು ಆದ ಮೇಲೆ ಕಿತ್ತರೆ ದವಡೆ ಮೂಳೆಯೇ ಕೊಳೆಯಬಹುದು. ನಮಗೆ ಯಾರೂ ಹೇಳಲಿಲ್ಲ, ಅದಕ್ಕೇ ಎರಡು ವಾರ ಸುಮ್ನೆ ಹೋಯಿತು. ಆಪರೇಷನ್ ದಿನವೇ ಕೀಳಬಹುದಾ ಅಂತ ನೀವು ಮೊದಲೇ ಕೇಳಿಬಿಡಿ. ಯಾಕಂದರೆ ಆಪರೇಷನ್ ಆಗಿ 6 ವಾರದೊಳಗೆ ರೇಡಿಯೇಷನ್ ಶುರುವಾಗಬೇಕು.

ವಾರಕ್ಕೆ 5 ದಿನದಂತೆ 30ರಿಂದ 33 ಸಲ ಕೊಡುತ್ತಾರೆ. ಮುಖಕ್ಕೆ ಜಾಲರಿಯಂಥ ಮಾಸ್ಕ್ ಹಾಕಿ ಟೇಬಲ್ಲಿಗೆ ಬಿಗಿಯುವಾಗ ಭಯವಾಗುತ್ತದೆ, ನೋವೇನೂ ಇಲ್ಲ. ನೋವು ಬರೋದು ಎರಡು ಮೂರು ವಾರ ಕಳೆದ ಮೇಲೆ, ಬಾಯೆಲ್ಲ ಹುಣ್ಣಾಗಿ ಎಂಜಲು ನುಂಗೋದೂ ಕಷ್ಟವಾದಾಗ. ಜಾಸ್ತಿ ಜನ ಬಿಟ್ಟು ಓಡಿಹೋಗಬೇಕು ಅನ್ನೋದು ಆಗಲೇ. ಬಿಡಬೇಡಿ, ನಡುವೆ ನಿಲ್ಲಿಸಿದರೆ ಗುಣವಾಗುವ ಅವಕಾಶವೇ ಕಡಿಮೆಯಾಗುತ್ತದೆ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿಟ್ಟುಕೊಂಡು ಆಗಾಗ ಮುಕ್ಕಳಿಸಿ. ತೂಕ ಇಳೀತಾ ಇದ್ದರೆ ಮೂಗಿನಿಂದ ಊಟ ಕೊಡೋ ಟ್ಯೂಬಿಗೆ ಒಪ್ಪಿಕೊಳ್ಳಿ, ಅದರಲ್ಲಿ ನಾಚಿಕೆ ಏನಿದೆ? ಯಾರೋ ಕೊಟ್ಟ ಕಷಾಯವನ್ನು ಡಾಕ್ಟರಿಗೆ ಹೇಳದೆ ಕುಡಿಸಬೇಡಿ.

ಬಾಯಿ ಬಿಗಿದುಕೊಳ್ಳೋದು ಇನ್ನೊಂದು ತಲೆನೋವು. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ತೂರಿಸಿ, ಸ್ವಲ್ಪ ಹೊತ್ತು ಹಿಡಿದು, ವಾರಕ್ಕೊಂದು ಸೇರಿಸುತ್ತಾ ಹೋಗಬೇಕು. ಗಾಯ ಮಾಯ್ದಿದೆ, ಶುರುಮಾಡಿ ಅಂತ ಡಾಕ್ಟರ್ ಹೇಳಿದ ಮೇಲೆ ಮಾತ್ರ. ಮಾವ ಕಡ್ಡಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಹಳೇ ಎಲೆಅಡಿಕೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ.