ಮನೆಯಲ್ಲೇ ಕೌದಿ ಉದ್ಯೋಗ: ಅರಿವೆ ಪುಕ್ಕಟೆ, ಹೊಲಿಗೆ ಅಲ್ಲ

"ಹಳೇ ಸೀರಿ ನಾವ ಕೊಡ್ತೀವಿ, ಬರೇ ಹೊಲಿಯೂದು ತಾನ? ಐನೂರು ರೂಪಾಯಿ ತಗೋರಿ."

ಕೌದಿ (ಹಳೆಯ ಸೀರೆಗಳ ಪದರುಗಳನ್ನು ಕೂಡಿಸಿ ಹೊಲಿದ ಹೊದಿಕೆ) ಹೊಲಿದು ನಾಲ್ಕು ಕಾಸು ಗಳಿಸೋಣ ಎಂದು ಹೊರಟವರೆಲ್ಲ ಈ ಮಾತನ್ನು ಕೇಳಿಯೇ ಇರುತ್ತಾರೆ. ನಾನೂ ಕೇಳಿದೆ, ಒಪ್ಪಿಕೊಂಡೆ, ಮೊದಲ ಮೂರು ಕೌದಿಗಳನ್ನು ಆ ದರಕ್ಕೇ ಹೊಲಿದುಕೊಟ್ಟೆ. ಆಮೇಲೆ ವಹಿ ತೆಗೆದು ಲೆಕ್ಕ ಹಾಕಿದರೆ ತಾಸಿಗೆ ಇಪ್ಪತ್ತು ರೂಪಾಯಿಯೂ ಬಿದ್ದಿರಲಿಲ್ಲ. ಧಾರವಾಡ, ಬಾಗಲಕೋಟೆ, ವಿಜಯಪುರ ಕಡೆಯ ಮನೆಗಳಲ್ಲಿ ಕೌದಿ ಹೊಲಿಯಲು ಬರುವ ಕೈಗಳಿಗೆ ಬರವಿಲ್ಲ. ಬರ ಇರುವುದು ಆ ಕೈಗಳ ತಾಸಿಗೆ ಬೆಲೆ ಕಟ್ಟುವುದಕ್ಕೆ. ಅದಕ್ಕೇ ಈ ಲೇಖನದಲ್ಲಿ ಸೂಜಿಗಿಂತ ವಹಿಯ ಮಾತು ಹೆಚ್ಚು.

ಏನು ಮಾರುತ್ತೀರಿ, ಮೊದಲು ಅದನ್ನು ಗೊತ್ತುಮಾಡಿ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ, ಗಿರಾಕಿ ಬರುವ ಮೊದಲೇ ದುಬಾರಿ ಯಂತ್ರ, ಥಾನುಗಟ್ಟಲೆ ಬಟ್ಟೆ ಕೊಳ್ಳಬೇಡಿ. ಮನೆಯಿಂದ ನಡೆಸುವವರಿಗೆ ಎಲ್ಲಕ್ಕಿಂತ ಸುರಕ್ಷಿತ ದಾರಿ ಆರ್ಡರಿನ ಕೌದಿ: ಗಿರಾಕಿ ತಮ್ಮ ಅವ್ವನದೋ ಅಜ್ಜಿಯದೋ ಸೀರೆಗಳನ್ನು ಕೊಡುತ್ತಾರೆ, ನೀವು ಹೊಲಿದುಕೊಡುತ್ತೀರಿ. ಮಾಲು ಹಾಕಿಟ್ಟು ಕಾಯುವ ಗೋಜಿಲ್ಲ. ಅಂಗಡಿಯ ರಜಾಯಿಯ ಪೈಪೋಟಿಯೂ ಇದಕ್ಕಿಲ್ಲ. ಯಾಕೆಂದರೆ ಅವರ ಅವ್ವನ ಪತ್ತಲ ಅಂಗಡಿಯಲ್ಲಿ ಸಿಗುವುದಿಲ್ಲ.

ಜೊತೆಗೆ ಎರಡು ಸಣ್ಣ ವಸ್ತು ಇಟ್ಟುಕೊಳ್ಳಿ. ಒಂದು, ಮೂರಡಿ ಚೌಕದ ಕೂಸಿನ ಕೌದಿ. ಬಾಣಂತನದ ಮನೆಗಳಿಂದ ವರ್ಷವಿಡೀ ಬೇಡಿಕೆ ಇರುತ್ತದೆ. ಇನ್ನೊಂದು, ಗುಳೇದಗುಡ್ಡದ ಖಣದ (ಕುಪ್ಪಸದ ಅರಿವೆ) ದಿಂಬಿನ ಗವಸು ಅಥವಾ ಕೈಚೀಲ. ಖಣದ ಪನ್ನ, ಅಂದರೆ ಅಗಲ, ಕಿರಿದು, ದೊಡ್ಡ ಹೊದಿಕೆಗೆ ಒಗ್ಗದು, ಚೀಲಕ್ಕೆ ಮಾತ್ರ ಹೇಳಿ ಮಾಡಿಸಿದ ಹಾಗಿದೆ. ಇಷ್ಟರಾಚೆಗೆ ಗೋಡೆಚಿತ್ರ, ಜಾಕೆಟ್ಟು, ಟೇಬಲ್ ಹಾಸು ಎಂದು ಹತ್ತು ದಿಕ್ಕಿಗೆ ಹರಡಿಕೊಳ್ಳುವುದನ್ನು ಎರಡನೇ ವರ್ಷಕ್ಕೆ ಬಿಡಿ.

ಸೀರೆ ಕೈಗೆ ಬಂದಾಗ

ಹೆಚ್ಚಿನ ತಂಟೆಗಳು ಹುಟ್ಟುವುದು ಇಲ್ಲೇ. ಒಂದೊಂದೇ ಸೀರೆಯನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ನಿರಿಗೆ ಬೀಳುವ ಕಡೆ, ಕೂತೆದ್ದು ಸವೆದ ಕಡೆ, ಕಾಲ್ಗೆಳಗಿನ ಅಂಚು: ಇಲ್ಲಿ ನೂಲು ತೆಳ್ಳಗಾಗಿ ಜಾಳಿಗೆಯಂತೆ ಕಾಣುತ್ತದೆ. ಎರಡು ಹೆಬ್ಬೆರಳಿನಿಂದ ಹಿಗ್ಗಿಸಿದರೆ ಪರ್‌ ಎಂದರೆ ಆ ಭಾಗ ಒಳಪದರಕ್ಕೆ. ಗಟ್ಟಿ ಭಾಗ ಮಾತ್ರ ಮೇಲಿನ ತೇಪೆಗೆ. ಹತ್ತಿಗೆ ಹತ್ತಿಯೇ ಜೋಡಿ. ಪಾಲಿಸ್ಟರ್ ಸೀರೆ ಸೂಜಿಯ ಕೆಳಗೆ ಜಾರುತ್ತದೆ, ಬೆವರು ಹೀರುವುದಿಲ್ಲ. ಹಳೆಯ ರೇಷ್ಮೆ ನೋಡಲು ಚೆಂದ, ಮಡಿಕೆಯಲ್ಲೇ ಸೀಳುತ್ತದೆ. ಇಳಕಲ್ ಸೀರೆಯ ಹತ್ತಿಯ ಮೈ ಕೌದಿಗೆ ಚಿನ್ನ. ಅದರ ಟೋಪ್ ತೆನಿ ಎಂಬ ವಿನ್ಯಾಸದ ಸೆರಗು ರೇಷ್ಮೆಯದಾಗಿದ್ದರೆ ಹಿಂದೆ ತೆಳು ಹತ್ತಿ ಬಟ್ಟೆ ಕೊಟ್ಟು ಆಮೇಲೆ ಕೂಡಿಸಿ.

ಬಣ್ಣದ ಪರೀಕ್ಷೆ ತಪ್ಪಿಸಲೇಬೇಡಿ. ಬಿಳಿ ಅರಿವೆಯ ಚೂರನ್ನು ಒದ್ದೆ ಮಾಡಿ ಸೀರೆಯ ಮೇಲಿಟ್ಟು, ಬಿಸಿ ಇಸ್ತ್ರಿ ಒತ್ತಿ ನೋಡಿ. ಬಿಳಿಗೆ ಕೆಂಪು ಹತ್ತಿದರೆ ಆ ಸೀರೆಯನ್ನು ನೀರು ತಿಳಿಯಾಗುವವರೆಗೂ ಒಗೆಯಬೇಕು. ಆಗಲೂ ನಿಲ್ಲದಿದ್ದರೆ ಗಿರಾಕಿಗೆ ಹೇಳಿ ಬಿಟ್ಟುಬಿಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ಕೂರುತ್ತದೆ ಎನ್ನುವವರ ಮಾತು ನಂಬಿ ನಾನೊಮ್ಮೆ ಕೆಟ್ಟೆ. ಉಪ್ಪಿಗೆ ಬಣ್ಣ ಹಾಕುವಾಗ ಕೆಲಸವುಂಟು, ಬಿಡುತ್ತಿರುವ ಬಣ್ಣವನ್ನು ಅದು ಹಿಡಿದಿಡುವುದಿಲ್ಲ. ಗಿಣಿಹಸಿರು ಮತ್ತು ಬಿಳಿ ತೇಪೆಗಳ ನಡುವೆ ಒಂದು ಕೆಂಪು ತೇಪೆ ಇಟ್ಟಿದ್ದೆ. ಗಿರಾಕಿಯ ಮನೆಯಲ್ಲಿ ಮೊದಲ ಒಗೆತಕ್ಕೇ ಬಿಳಿಯೆಲ್ಲ ಗುಲಾಬಿ. ಹಣ ವಾಪಸು ಕೊಟ್ಟೆ. ಸೀರೆ ವಾಪಸು ಕೊಡುವುದು ಹೇಗೆ?

ಇನ್ನೊಂದು ಸಂಗತಿ. ಕತ್ತರಿ ಹಾಕುವ ಮೊದಲು ಪ್ರತಿ ಸೀರೆಯ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿ, "ಇದನ್ನು ಕತ್ತರಿಸಬಹುದೇ, ಸೆರಗನ್ನೂ ಬಳಸಲೇ?" ಎಂದು ಕೇಳಿ ಉತ್ತರ ಬರೆಸಿಕೊಳ್ಳಿ. ಒಬ್ಬ ಹೆಣ್ಣುಮಗಳು ಕೊಟ್ಟ ಗಂಟಿನಲ್ಲಿ ಅವರ ಅವ್ವನ ಧಾರೆ ಸೀರೆಯೂ ಕಣ್ತಪ್ಪಿನಿಂದ ಸೇರಿತ್ತು. ನಾನು ಕೇಳಿದ್ದಕ್ಕೆ ಅದು ಉಳಿಯಿತು. ಆ ಸಂಜೆಯೇ ಬಂದು ಒಯ್ದರು, ಬಾಗಿಲಲ್ಲೇ ನಿಂತು ಅತ್ತರು.

ಪದರು, ತೇಪೆ, ಟಾಕಿ

ಐದಡಿ ಅಗಲ ಏಳಡಿ ಉದ್ದದ ಕೌದಿಗೆ ಸಾಮಾನ್ಯವಾಗಿ ನಾಲ್ಕು ಸೀರೆ ಬೇಕು: ತಳಕ್ಕೆ ಒಂದು, ನಡುವಿಗೆ ಎರಡು, ಮೇಲಿನ ತೇಪೆಗಳಿಗೆ ಒಂದರಷ್ಟು ಅರಿವೆ. ಐದೂವರೆ ಮೀಟರ್ ಸೀರೆಯನ್ನು ನಡುವೆ ಕತ್ತರಿಸಿ ಎರಡು ತುಂಡನ್ನು ಅಂಚಿಗೆ ಅಂಚು ಕೂಡಿಸಿದರೆ ಒಂದು ಪದರಿಗೆ ಸಾಕಾಗಿ ಮಿಗುತ್ತದೆ. ತಳವನ್ನು ಕಟ್ಟೆಯ ಮೇಲೆ ಬಿಗಿಯಾಗಿ ಹಾಸಿ ಮೂಲೆಗಳಿಗೆ ಕಲ್ಲಿಡಿ. ಒಳಪದರು ಹಾಸುತ್ತ ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ. ಗಾಳಿ ಉಳಿದರೆ ಅಲ್ಲಿ ಗುಳ್ಳೆ ಏಳುತ್ತದೆ. ಮೇಲೆ ತೇಪೆಯ ಹಾಳೆ ಇಟ್ಟು ಗೇಣಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಇದನ್ನು ತಪ್ಪಿಸಿದವರ ಕೌದಿಯನ್ನು ದೂರದಿಂದಲೇ ಗುರುತಿಸಬಹುದು, ಒಂದು ಮೂಲೆ ನಾಲಿಗೆಯಂತೆ ಹೊರಗೆ ಚಾಚಿರುತ್ತದೆ.

ತೇಪೆಗಳನ್ನು ಒಂದಕ್ಕೊಂದು ಕೂಡಿಸಲು ಯಂತ್ರ ಬಳಸಿ, ತಪ್ಪೇನಿಲ್ಲ. ಪದರುಗಳನ್ನು ಕಟ್ಟುವ ಸಾಲು ಹೊಲಿಗೆ, ಅಂದರೆ ಟಾಕಿ, ಮಾತ್ರ ಕೈಯದೇ ಇರಲಿ. ಗಿರಾಕಿ ದುಡ್ಡು ಕೊಡುವುದು ಅದಕ್ಕೆ. ಯಂತ್ರದಲ್ಲೇ ಪೂರ್ತಿ ಹೊಲಿದರೆ ಹಾಗೆಂದೇ ಹೇಳಿ ಕಡಿಮೆ ದರಕ್ಕೆ ಮಾರಿ.

ಸಾಲಿನಿಂದ ಸಾಲಿಗೆ ಒಂದು ಇಂಚು ಅಂತರ ಇಟ್ಟರೆ ಅರವತ್ತು ಸಾಲು, ಸಾಲೊಂದು ಏಳಡಿ. ಒಂಟಿ ಎಳೆಗೆ ಸುಮಾರು 150 ಮೀಟರ್ ದಾರ, ಎರಡೆಳೆಗೆ 300. ದಾರ ಹತ್ತಿಯದು, ದಪ್ಪನೆಯದು ಇರಲಿ. ಹೊಲಿಯುವ ಮುನ್ನ ಜೇನುಮೇಣದ ಮೇಲೆ ಒಮ್ಮೆ ಎಳೆದರೆ ಗಂಟು ಬೀಳುವುದಿಲ್ಲ. ನಡುಬೆರಳಿಗೆ ಅಂಗುಸ್ತಾನ ಹಾಕಿಕೊಳ್ಳಿ. ಹಳಬರು ಹಾಕುತ್ತಿರಲಿಲ್ಲ, ಅವರ ಬೆರಳ ತುದಿಗಳೂ ಚುಚ್ಚಿಸಿಕೊಂಡು ಜಡ್ಡುಗಟ್ಟಿದ್ದವು.

ನಮ್ಮ ಕಡೆ ನೇರ ಸಾಲುಗಳ ರೂಢಿ ಹೆಚ್ಚು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಯ, ಅಂದರೆ ಕವಂದಿಯ, ದಾರಿ ಬೇರೆ. ಅವರು ಒಂದು ಮೂಲೆಯಿಂದ ಶುರುಮಾಡಿ ಅಂಚಿನಗುಂಟ ಸುತ್ತುತ್ತ, ತೇಪೆ ಇಡುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಮಡಿಸಿದ ಅರಿವೆಯ ಫುಲಾ ಕೂರಿಸುತ್ತಾರೆ, ಅದಿಲ್ಲದಿದ್ದರೆ ಕವಂದಿ ಬತ್ತಲೆ ಎಂಬ ಮಾತಿದೆ. ಆ ವಿನ್ಯಾಸ ನೋಡಿ ಕಲಿಯಿರಿ, ಆದರೆ ನೀವು ಹೊಲಿದದ್ದಕ್ಕೆ "ಸಿದ್ದಿ ಕವಂದಿ" ಎಂಬ ಹೆಸರಿಟ್ಟು ಮಾರಬೇಡಿ. ಅದು ಅವರ ಅನ್ನ.

ಕೌದಿಯ ಹೊಟ್ಟೆ ಖಾಲಿ ಇರಬಾರದೆಂದು ಕಡೆಯ ತೇಪೆ ಮುಚ್ಚುವ ಮುನ್ನ ನಾಲ್ಕು ಕಾಳು ಇಡುವ ಪದ್ಧತಿ ನಮ್ಮ ಮನೆಯಲ್ಲಿತ್ತು. ಕಾಳಿಗೆ ಹುಳ ಬೀಳುತ್ತದೆ. ಹಾಗಾಗಿ ಗಿರಾಕಿಯ ಕೌದಿಗೆ ನಾನು ಹೊಸ ಖಣದ ಒಂದು ಬೆರಳಗಲ ತುಂಡು ಇಡುತ್ತೇನೆ. ಹೇಳಿದರೆ ಜನಕ್ಕೆ ಖುಷಿಯಾಗುತ್ತದೆ.

ಬೆಲೆ ಕಟ್ಟುವುದು

ಇದು ನನ್ನ ವಹಿಯ ಲೆಕ್ಕ. ನಿಮ್ಮ ಊರಿನ ಕೂಲಿ ದರ ಹಾಕಿ ತಿದ್ದಿಕೊಳ್ಳಿ. ಏಳಡಿಯ ಒಂದು ಸಾಲಿಗೆ 20 ನಿಮಿಷ ಹಿಡಿದರೆ ಅರವತ್ತು ಸಾಲಿಗೆ 20 ತಾಸು. ತೇಪೆ ಕತ್ತರಿಸಿ ಕೂಡಿಸಲು 5 ತಾಸು. ಒಗೆತ, ಇಸ್ತ್ರಿ, ಕಚ್ಚಾ ಹೊಲಿಗೆಗೆ 3. ಒಟ್ಟು 28 ತಾಸು. ತಾಸಿಗೆ 70 ರೂಪಾಯಿಯಂತೆ 1,960. ದಾರಕ್ಕೆ 120, ತಳಕ್ಕೆ ಹೊಸ ಬಟ್ಟೆ ಕೊಂಡರೆ 450, ಸಾಬೂನು–ವಿದ್ಯುತ್ತಿಗೆ 60, ಪ್ಯಾಕಿಂಗಿಗೆ 80. ಅಲ್ಲಿಗೆ 2,670. ಇದರ ಮೇಲೆ ಶೇ 20 ಸೇರಿಸಿ. ಸೂಜಿ ಮುರಿಯುತ್ತದೆ, ಫೋನು ಕರೆನ್ಸಿ ತಿನ್ನುತ್ತದೆ, ಒಂದೊಂದು ಆರ್ಡರು ಕೈಕೊಡುತ್ತದೆ. ಸುಮಾರು 3,200 ರೂಪಾಯಿ ಆಯಿತು.

"ಐನೂರಕ್ಕೆ ಕೊಡ್ತಾರ" ಎಂದವರಿಗೆ ವಾದ ಮಾಡಬೇಡಿ. "ಅಲ್ಲೇ ಹೊಲಿಸಿರಿ" ಎಂದು ನಗುತ್ತಲೇ ಹೇಳಿ. ಈ ಮಾತು ಬಾಯಿಂದ ಹೊರಡಲು ನನಗೆ ಎರಡು ವರ್ಷ ಹಿಡಿಯಿತು. ದರ ಇಳಿಸಲೇಬೇಕೆಂದರೆ ಸಾಲಿನ ಅಂತರ ಎರಡು ಇಂಚಿಗೆ ಏರಿಸಿ. ಹೊಲಿಗೆ ಅರ್ಧಕ್ಕಿಳಿಯುತ್ತದೆ, 10 ತಾಸು ಉಳಿಯುತ್ತದೆ, 700 ರೂಪಾಯಿ ಇಳಿಸಬಹುದು. ಕೆಲಸ ಇಳಿಯದೆ ಬೆಲೆ ಇಳಿಯಬಾರದು.

ಅರ್ಧ ಹಣ ಮುಂಗಡ. ಇದರಲ್ಲಿ ನಂಟರಿಗೂ ವಿನಾಯಿತಿ ಬೇಡ, ನಂಟರಿಗಂತೂ ಬೇಡವೇ ಬೇಡ. ದಿನಕ್ಕೆ ಮೂರು ತಾಸು ಕೂತರೆ ತಿಂಗಳಿಗೆ ಮೂರು ಕೌದಿ, ಅದಕ್ಕಿಂತ ಹೆಚ್ಚು ಒಪ್ಪಿಕೊಂಡರೆ ಬೆನ್ನು ಕೇಳುವುದಿಲ್ಲ. ಓಣಿಯ ಇಬ್ಬರನ್ನು ಸೇರಿಸಿಕೊಂಡರೆ ಸಾಲಿಗಿಷ್ಟು ಎಂದು ಮೊದಲೇ ಮಾತಾಡಿ, ಗಿರಾಕಿ ಕೊಡುವವರೆಗೆ ಕಾಯಿಸದೆ ಮುಗಿದ ದಿನವೇ ಕೊಟ್ಟುಬಿಡಿ.

ಕಾಗದಪತ್ರ

ಇದನ್ನು ಬೇಗ ಮುಗಿಸೋಣ. ಸಣ್ಣ ಉದ್ದಿಮೆಗಳಿಗಿರುವ ಉದ್ಯಮ್ ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಇದಕ್ಕೆ ಸಾವಿರ ರೂಪಾಯಿ ಕೇಳುವ ಏಜೆಂಟರನ್ನು ಬಾಗಿಲಿಂದಲೇ ಕಳಿಸಿ. ಕರಕುಶಲಕರ್ಮಿಗಳಿಗೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಪೆಹಚಾನ್ ಗುರುತಿನ ಚೀಟಿ ಇದ್ದರೆ ಮೇಳಗಳ ಮಳಿಗೆಗೆ ಅರ್ಜಿ ಹಾಕಲು ಅನುಕೂಲ. ಸಾಲ ಬೇಕೆಂದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ. ಸರಕು ಮಾರುವವರ ವಹಿವಾಟು ರಾಜ್ಯದೊಳಗೆ ವರ್ಷಕ್ಕೆ 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಹೊರರಾಜ್ಯಕ್ಕೆ, ಆನ್‌ಲೈನ್ ಮಳಿಗೆಗಳಲ್ಲಿ ಮಾರಲು ನಿಯಮ ಬೇರೆ, ತೆರಿಗೆ ಸಲಹೆಗಾರರನ್ನು ಒಮ್ಮೆ ಕೇಳಿ. ಹೊಲಿಗೆಯೇ ಬಾರದವರು 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ತಮ್ಮ ಜಿಲ್ಲೆಯಲ್ಲಿ ವಿಚಾರಿಸಬಹುದು, ತರಬೇತಿ ಉಚಿತ.

ತೋರಿಸುವುದು, ಕಳಿಸುವುದು

ಫೋಟೊಕ್ಕೆ ಮುಂಜಾನೆಯ ಅಂಗಳವೇ ಸ್ಟುಡಿಯೊ. ಕೌದಿಯನ್ನು ಹೊರಸಿನ ಮೇಲೆ ಹಾಸಿ ಮೂರು ಚಿತ್ರ ತೆಗೆಯಿರಿ: ಪೂರ್ತಿಯದು, ಒಂದು ಮೂಲೆ ಮಡಚಿ ತಳ ಕಾಣುವಂತೆ, ಟಾಕಿಯ ಮೇಲೆ ಬೆರಳಿಟ್ಟು ಹತ್ತಿರದಿಂದ. ಮೂರನೆಯದೇ ಮಾರುತ್ತದೆ. ಬೆಂಗಳೂರು, ಪುಣೆ ಸೇರಿದ ನಮ್ಮ ಕಡೆಯವರು, ಪರದೇಶದಲ್ಲಿರುವ ಮಕ್ಕಳು ಅವ್ವನ ಸೀರೆಗಳನ್ನು ಟ್ರಂಕಿನಲ್ಲಿಟ್ಟು ಏನು ಮಾಡುವುದೆಂದು ತಿಳಿಯದೆ ಕೂತಿರುತ್ತಾರೆ. ನಿಮ್ಮ ಗಿರಾಕಿಗಳು ಅವರೇ.

ಕೊರಿಯರಿನಲ್ಲಿ ಒಂದು ಒಳಸುಳಿ ಇದೆ. ಹಲವು ಕಂಪನಿಗಳು ತೂಕದ ಜೊತೆ ಗಾತ್ರವನ್ನೂ ಲೆಕ್ಕ ಹಾಕುತ್ತವೆ: ಉದ್ದ, ಅಗಲ, ಎತ್ತರದ ಸೆಂಟಿಮೀಟರ್‌ಗಳನ್ನು ಗುಣಿಸಿ 5,000ದಿಂದ ಭಾಗಿಸುತ್ತಾರೆ, ಬಂದ ಕಿಲೋ ನಿಜ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ದರ ಹಾಕುತ್ತಾರೆ. ಎರಡು ಕಿಲೋದ ಕೌದಿಯನ್ನು ಸಡಿಲವಾಗಿ ಮಡಚಿ 40–35–15ರ ಡಬ್ಬಿಗೆ ಹಾಕಿದರೆ 4.2 ಕಿಲೋದ ದರ ಬೀಳುತ್ತದೆ. ಗಾಳಿ ಹೊರಹಾಕಿ ಬಿಗಿದು 40–30–9ಕ್ಕೆ ತಂದರೆ 2.2 ಕಿಲೋ ಒಳಗೇ ಮುಗಿಯಿತು.

ಕೌದಿಯ ಜೊತೆ ಕೈಬರಹದ ಒಂದು ಚೀಟಿ ಇಡಿ: ತಣ್ಣೀರಲ್ಲಿ ಒಗೆಯಿರಿ, ನೆರಳಿಗೆ ಹಾಕಿ, ಒದ್ದೆ ಕೌದಿಯನ್ನು ಒಂದು ತುದಿ ಹಿಡಿದು ಎತ್ತಬೇಡಿ, ನೀರಿನ ಭಾರಕ್ಕೆ ಟಾಕಿ ಹರಿಯುತ್ತದೆ. ಚೀಟಿಗೆ ಅದೇ ದಾರದ ಎರಡು ಮೊಳ ಸುತ್ತಿಡಿ. ಒಂದು ಮಳೆಗಾಲ ಕಳೆದ ಮೇಲೆ ಗಿರಾಕಿಗೆ ಫೋನು ಮಾಡಿ, ಹೊಲಿಗೆ ಎಲ್ಲಾದರೂ ಬಿಟ್ಟಿದೆಯೇ ಎಂದು ಕೇಳಿ. ನನ್ನ ಕೌದಿಗಳಲ್ಲಿ ಬಿಡುವುದು ಯಾವಾಗಲೂ ಕಾಲುಗಡೆಯ ಎಡ ಮೂಲೆ. ಹೊಲಿಗೆ ಅಲ್ಲಿಗೆ ಬರುವ ಹೊತ್ತಿಗೆ ನನಗೆ ಸಾಕಾಗಿರುತ್ತದೆ, ದಾರ ಜಗ್ಗುವುದಿಲ್ಲ. ಈಗ ಆ ಮೂಲೆಯನ್ನೇ ಮೊದಲು ಹೊಲಿಯುತ್ತೇನೆ.